ಕುದಿಸಿದರೂ ಕುಡಿಯಲಾಗದ ನೀರು

2014ರ ಆಗಸ್ಟ್ 2. ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊದಲ್ಲಿ ಜನ ಬೆಳಗ್ಗೆ ಎದ್ದರೆ ಒಂದು ಸೂಚನೆ: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ. ನೀರು ಕೆಟ್ಟಿದೆ ಅಂದರೆ ಕುದಿಸಿ ಕುಡಿಯುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಅಲ್ವಾ? ಇಲ್ಲಿ ಅದೇ ಅಪಾಯ. ನೀರಿನಲ್ಲಿದ್ದದ್ದು ಮೈಕ್ರೊಸಿಸ್ಟಿನ್ ಎಂಬ ಪಾಚಿ ವಿಷ. ಕುದಿಸಿದರೆ ನೀರು ಆವಿಯಾಗುತ್ತದೆ, ವಿಷ ಹಾಗೇ ಉಳಿದು ಜಾಸ್ತಿ ಗಟ್ಟಿಯಾಗುತ್ತದೆ. ಸುಮಾರು 4 ಲಕ್ಷ ಜನ ಬಾಟಲಿ ನೀರಿಗೆ ಪರದಾಡಿದರು. ಅದೂ ಈರಿಯಂಥ ಮಹಾ ಸರೋವರದ ದಡದಲ್ಲಿ!

ಆ ಪಾಚಿಗೆ ಊಟ ಹಾಕಿದವರು ಯಾರು ಅಂತ ಹುಡುಕಿದರೆ 19ನೇ ಶತಮಾನಕ್ಕೆ ಹೋಗಬೇಕು. ಟೊಲೀಡೊ ಬಳಿ ಸರೋವರ ಸೇರುವ ನದಿಯ ಹೆಸರು ಮಾಮಿ. (ಪಕ್ಕದ ಮನೆ ಮಾಮಿ ನೆನಪಾದರೆ ತಪ್ಪು ನನ್ನದಲ್ಲ.) ಅದರ ಆಸುಪಾಸು ಆಗ 'ಗ್ರೇಟ್ ಬ್ಲ್ಯಾಕ್ ಸ್ವಾಂಪ್' ಎಂಬ ಭಾರಿ ಜೌಗು ಕಾಡಿತ್ತು. ವಲಸೆ ಬಂದವರು ಬಸಿಗಾಲುವೆ ತೋಡಿದರು, ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂತರು, ಕಾಡನ್ನು ಒಣಗಿಸಿದರು. ಸಿಕ್ಕಿದ್ದು ಬಂಗಾರದಂಥ ಭೂಮಿ. ಈಗಲೂ ಅಲ್ಲಿ ಮೆಕ್ಕೆಜೋಳ, ಸೋಯಾ ಬೆಳೆಯುತ್ತಾರೆ. ಆದರೆ ನೀರು ಸೋಸುತ್ತಿದ್ದ ಜೌಗು ಹೋಗಿತ್ತು. ಹೊಲದ ನೀರು ಕೊಳವೆ ಹಿಡಿದು ಸೀದಾ ನದಿಗೆ ಇಳಿಯತೊಡಗಿತು.

1960ರ ದಶಕದಲ್ಲೇ ಈರಿ 'ಸತ್ತ ಸರೋವರ' ಅನ್ನಿಸಿಕೊಂಡಿತ್ತು. ಆಗ ಮುಖ್ಯವಾಗಿ ಸಿಕ್ಕಿಬಿದ್ದದ್ದು ಊರುಗಳ ಚರಂಡಿ ನೀರು ಮತ್ತು ಬಟ್ಟೆ ಸೋಪಿನಲ್ಲಿದ್ದ ರಂಜಕ (ಫಾಸ್ಫರಸ್). ಪಾಚಿಯ ಮುಖ್ಯ ಊಟ ಅದೇ. 1969ರಲ್ಲಂತೂ ಈರಿ ಸೇರುವ ಕಯಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಕಸಕ್ಕೆ ಬೆಂಕಿಯೇ ಹತ್ತಿಕೊಂಡಿತು. 1972ರಲ್ಲಿ ಅಮೆರಿಕ ಶುದ್ಧ ನೀರಿನ ಕಾಯ್ದೆ ತಂದಿತು. ಕೆನಡಾ ಜೊತೆಗೂ ಒಪ್ಪಂದವಾಯಿತು. 80ರ ದಶಕದ ಹೊತ್ತಿಗೆ ಸರೋವರ ಚೇತರಿಸಿಕೊಂಡಿತು.

ಕಾಯ್ದೆಗೆ ಕಾಣುತ್ತಿದ್ದದ್ದು ಪೈಪಿನ ಬಾಯಿ ಮಾತ್ರ. ಕಾರ್ಖಾನೆ ನೀರು ಬಿಡಲು ಪರವಾನಗಿ ಬೇಕು. ಮಳೆ ಬಂದಾಗ ಹೊಲದಿಂದ ಹರಿಯುವ ನೀರಿಗೆ ಬೇಡ. 1987ರ ತಿದ್ದುಪಡಿಯಲ್ಲಿ ಆ ವಿನಾಯಿತಿಯನ್ನು ಬರೆದೇ ಇಟ್ಟರು.

90ರ ದಶಕದ ಮಧ್ಯದಿಂದ ಪಾಚಿ ಮತ್ತೆ ಬಂತು. ಇಲ್ಲೊಂದು ತಮಾಷೆ ಇದೆ. ಮಣ್ಣು ಕೊಚ್ಚಿ ಹೋಗದಿರಲಿ ಅಂತ ರೈತರು ಉಳುಮೆ ಕಡಿಮೆ ಮಾಡಿದ್ದರು. ಒಳ್ಳೆಯ ಕೆಲಸವೇ. ಆದರೆ ಮೇಲೆ ಎರಚಿದ ಗೊಬ್ಬರ ಮಣ್ಣಿನೊಂದಿಗೆ ಬೆರೆಯದೆ ಮೇಲೇ ಉಳಿಯಿತು. ಮೊದಲು ಗೊಬ್ಬರದ ರಂಜಕ ಹೆಚ್ಚಾಗಿ ಮಣ್ಣಿಗೆ ಅಂಟಿಕೊಂಡು ಬರುತ್ತಿತ್ತು. ಈಗ ಮಳೆಯಲ್ಲಿ ಕರಗಿ, ನೆಲದಡಿಯ ಕೊಳವೆಗಿಳಿದು, ಪಾಚಿಗೆ ಸಿದ್ಧ ಊಟವಾಗಿ ಹೋಗುತ್ತದೆ. ಸುರಿಯುವ ಸಗಣಿ ಗೊಬ್ಬರ, ವಸಂತದ ಜೋರು ಮಳೆ ಇದಕ್ಕೆ ಸೇರಿಕೊಂಡವು. ರೈತರನ್ನೇ ಬೈದು ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ.

2015ರಲ್ಲಿ ಒಹಾಯೊ, ಮಿಷಿಗನ್ ಮತ್ತು ಕೆನಡಾದ ಒಂಟಾರಿಯೊ, 2025ರೊಳಗೆ ರಂಜಕವನ್ನು ಶೇ 40ರಷ್ಟು ಇಳಿಸುವ ಮಾತು ಕೊಟ್ಟವು. ಹೊಲಗಳ ಮಟ್ಟಿಗೆ ಹೆಚ್ಚಿನದೆಲ್ಲ ರೈತರ ಇಷ್ಟಕ್ಕೆ ಬಿಟ್ಟದ್ದು. ಬೇಸತ್ತ ಟೊಲೀಡೊ ಮತದಾರರು 2019ರಲ್ಲಿ ಮನುಷ್ಯರಿಗಿರುವಂತೆ ಸರೋವರಕ್ಕೇ ಕಾನೂನಿನ ಹಕ್ಕು ಕೊಟ್ಟುಬಿಟ್ಟರು. ಮರುವರ್ಷ ಕೋರ್ಟು ಅದನ್ನು ರದ್ದು ಮಾಡಿತು.

ಒಹಾಯೊ ಸರ್ಕಾರ ಈಗ ದುಡ್ಡು ಕೊಟ್ಟು ಮಾಡಿಸುತ್ತಿರುವ ಕೆಲಸಗಳಲ್ಲಿ ಒಂದು, ಮಾಮಿ ಬಯಲಿನಲ್ಲಿ ಮತ್ತೆ ಜೌಗು ನೆಲ ಕಟ್ಟುವುದು.