ಸೀತಾನದಿ ಬದಿಯಲ್ಲಿ ಒಬ್ಬರೇ ಟೆಂಟ್ ಹಾಕಬಹುದಾ?

ಪ್ರಶ್ನೆ: ಉಡುಪಿಯಲ್ಲಿ ಕೆಲಸ. ಹೆಬ್ರಿ ಕಡೆ ಹೊಳೆ ಬದಿಯ ಕಾಡಿನಲ್ಲಿ ಒಂದು ರಾತ್ರಿ ಒಬ್ಬನೇ ಟೆಂಟ್ ಹಾಕಿ ಇರಬೇಕೆಂದು ಆಸೆ. ಚಿರತೆ, ಕಾಳಿಂಗ ಸರ್ಪ ಅಂತ ಎಲ್ಲರೂ ಹೆದರಿಸುತ್ತಾರೆ. ಹೋಗಬಹುದಾ?

ಹೋಗಬಹುದು, ಆದರೆ ಕಂಡ ಕಂಡಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಹೆಬ್ರಿ ದಾಟಿ ಆಗುಂಬೆ ಕಡೆ ಹೋದರೆ ಸೋಮೇಶ್ವರ ವನ್ಯಜೀವಿಧಾಮ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ತಪ್ಪು, ಇನ್ನು ಬೆಂಕಿ ಹಾಕುವ ಮಾತು ಬಿಡಿ. ಅರಣ್ಯ ಇಲಾಖೆಯದೇ ಸೀತಾನದಿ ನೇಚರ್ ಕ್ಯಾಂಪ್ ಹೊಳೆ ಪಕ್ಕದಲ್ಲಿದೆ. ಒಬ್ಬರೇ ಬರುತ್ತೀರೆಂದು ಬುಕ್ ಮಾಡುವಾಗಲೇ ಹೇಳಿಬಿಡಿ. ಯಾರದಾದರೂ ತೋಟದ ಬದಿಯಾದರೆ ಮನೆಯವರನ್ನು ಕೇಳಿ, ನಾಗಬನ ಎಲ್ಲಿದೆ ಎಂದೂ ಕೇಳಿಕೊಳ್ಳಿ. ಬನದೊಳಗೆ ಚಪ್ಪಲಿ ಹಾಕಿ ಓಡಾಡಿದವರಿಗೆ ಬೆಳಿಗ್ಗೆ ಆ ಮನೆಯಲ್ಲಿ ಕಾಫಿ ಸಿಗುವುದು ಕಷ್ಟ!

ಚಿರತೆಯೂ ಇದೆ, ಕಾಳಿಂಗವೂ ಇದೆ. ಅವು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಟೆಂಟಿನ ಜಿಪ್ ಎಳೆದಿಡಿ, ಶೂ ಒಳಗಿಡಿ, ರಾತ್ರಿ ಎದ್ದರೆ ಟಾರ್ಚ್ ಹಾಕಿಯೇ ಕಾಲಿಡಿ. ನನ್ನನ್ನು ಕೇಳಿದರೆ ಹೆದರಬೇಕಾದ್ದು ನೀರಿಗೆ.

ಆಗುಂಬೆಯಲ್ಲಿ ಸಂಜೆ ಮಳೆ ಹೊಡೆದರೆ ಕೆಳಗೆ ಹೊಳೆ ಏರುವಾಗ ನಿಮ್ಮ ತಲೆ ಮೇಲೆ ನಕ್ಷತ್ರ ಕಾಣುತ್ತಿರಬಹುದು. ಘಟ್ಟದ ಇಳಿಜಾರು ಕಡಿದು, ಹಾಗಾಗಿ ನೀರು ಇಳಿದು ಬರಲು ಜಾಸ್ತಿ ಹೊತ್ತು ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ. ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಯನ್ನೂ ನಂಬಬೇಡಿ.

ಟೆಂಟ್ ಹಾಕಲು ಎಲ್ಲರ ಕಣ್ಣು ಬೀಳುವುದು ನೀರಿನ ಪಕ್ಕದ ಸಮತಟ್ಟು ಮರಳಿನ ಮೇಲೆ. ಆ ಮರಳನ್ನು ತಂದು ಹಾಸಿದ್ದು ಹೊಳೆಯೇ ಅಲ್ವಾ? ಜಾಗ ಹುಡುಕುವಾಗ ನೆಲ ಬಿಟ್ಟು ಮರ ನೋಡಿ. ಕೊಂಬೆಗಳ ಸಂದಿಯಲ್ಲಿ ಒಣಹುಲ್ಲು, ಬಳ್ಳಿ, ಹರಿದ ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ, ಸಾಲಾಗಿ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ. ನೆರೆ ಅಲ್ಲಿಯವರೆಗೆ ಬಂದಿತ್ತು ಅಂತ ಅರ್ಥ. ಟೆಂಟ್ ಅದಕ್ಕಿಂತ ಮೇಲಿರಲಿ. ತಿಳಿ ನೀರು ಕೆಂಪಗಾಯಿತೇ, ತರಗೆಲೆ, ಕಡ್ಡಿ ತೇಲಿ ಬರಲು ಶುರುವಾಯಿತೇ, ಹೊಳೆಯ ಸದ್ದು ಜೋರಾಯಿತೇ, ಸಾಮಾನು ಕಟ್ಟುತ್ತಾ ಕೂರಬೇಡಿ. ಮೊದಲು ದಡ ಹತ್ತಿ. ಈಜು ಬಂದರೂ ಒಬ್ಬರೇ ಇರುವಾಗ ಕಯಕ್ಕೆ, ಅಂದರೆ ಹೊಳೆಯ ಆಳದ ಗುಂಡಿಗೆ, ಇಳಿಯಬೇಡಿ. ಪಾಚಿ ಬಂಡೆಯಲ್ಲಿ ಜಾರಿ ಕಾಲು ಉಳುಕಿದರೂ ಕೂಗಿದರೆ ಕೇಳುವವರಿಲ್ಲ, ಎಷ್ಟೋ ಕಡೆ ಮೊಬೈಲಿಗೆ ನೆಟ್‌ವರ್ಕೂ ಇಲ್ಲ. ಮರುದಿನ ಇಷ್ಟು ಗಂಟೆಯೊಳಗೆ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಿ ಎಂದು ಮನೆಯಲ್ಲಿ ಹೇಳಿ, ಜಾಗದ ಹೆಸರು ಬರೆದುಕೊಟ್ಟು ಹೊರಡಿ.

ಹಾಗಾದರೆ ದೀಪಾವಳಿ ಕಳೆದು ಚಳಿಗಾಲದಲ್ಲಿ ಹೋಗುವುದೇ ಒಳ್ಳೆಯದು. ಇಂಬಳದ ಕಾಟ ಕಡಿಮೆ. ಆದರೆ ಮಂಗನ ಕಾಯಿಲೆ ಕಾಣಿಸಿಕೊಳ್ಳುವುದೂ ಡಿಸೆಂಬರ್‌ನಿಂದ ಮೇವರೆಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಹರಡುವುದು ಉಣ್ಣಿಯಿಂದ. ತರಗೆಲೆ ಮೇಲೆ ಸುಮ್ನೆ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟ್ ಹಾಕಿ ಸಾಕ್ಸ್ ಒಳಗೆ ಸಿಕ್ಕಿಸಿ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಬಂದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ.