ಮೇಯ್ನ್ ಕೂನ್: ಮೊದಲು ಮೂಗಿನ ಗೆರೆ, ಆಮೇಲೆ ರೋಮ

ಮೌಖಿಕ ಪರೀಕ್ಷೆಯಲ್ಲಿ ತೋರಿಸಿದ ಐದು ಬೆಕ್ಕುಗಳ ಚಿತ್ರಗಳಲ್ಲಿ ನಾಲ್ಕರ ತಳಿಯನ್ನು ಸರಿಯಾಗಿ ಹೇಳಿ ಐದನೆಯದರಲ್ಲಿ ಮುಗ್ಗರಿಸಿದೆ. ಉದ್ದ ರೋಮ, ಪೊದೆಯಂಥ ಬಾಲ, ಕಂದು ಪಟ್ಟೆ, ಭಾರಿ ಮೈ. "ನಾರ್ವೇಜಿಯನ್ ಫಾರೆಸ್ಟ್ ಕ್ಯಾಟ್" ಎಂದೆ. ಯಾಕೆ ಎಂದು ಕೇಳಿದರು. "ದೊಡ್ಡದಿದೆ, ರೋಮ ಜಾಸ್ತಿ ಇದೆ" ಎಂದೆ. "ಹಾಗಾದರೆ ಮೇಯ್ನ್ ಕೂನ್ ಸಣ್ಣದೋ? ಅದಕ್ಕೆ ರೋಮ ಇಲ್ಲವೋ?" ಎಂದಾಗ ನೆಲ ನೋಡುತ್ತಾ ನಿಂತೆ. ಚಿತ್ರದಲ್ಲಿದ್ದದ್ದು ಮೇಯ್ನ್ ಕೂನ್.

ಪೆರ್ಲದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಈಗ ಇಂಗ್ಲಿಷ್ ಪುಸ್ತಕ ಹಿಡಿದು ಪ್ರಾಣಿಗಳ ವಿಷಯ ಓದುತ್ತಿರುವವಳು ನಾನು. ನನ್ನ ಹಾಗೆಯೇ ಇನ್ನೂ ಕೆಲವರಿದ್ದಾರೆ. ಅವರಿಗಾಗಿ, ಅದಕ್ಕಿಂತ ಹೆಚ್ಚಾಗಿ ನನ್ನ ತಲೆಯಲ್ಲಿ ಗಟ್ಟಿಯಾಗಲಿ ಎಂದು, ಇದನ್ನು ಬರೆದಿಡುತ್ತಿದ್ದೇನೆ.

ನಮ್ಮ ಕಾಸರಗೋಡಿನ ಕಡೆ ಬೆಕ್ಕಿನ ಜಾತಿ ಎರಡೇ. ಒಂದು ಅಂಗಳದ್ದು; ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ, ಹೇಗೆ ಕರೆದರೂ ಮೀನು ಕೊಯ್ಯುವ ಹೊತ್ತಿಗೆ ತಪ್ಪದೆ ಬರುತ್ತದೆ. ಇನ್ನೊಂದು 'ಪರ್ಶಿಯನ್'. ರೋಮ ಬೆರಳಷ್ಟು ಉದ್ದವಿದ್ದರೆ ಸಾಕು, ಅದು ಪರ್ಶಿಯನ್. ನಾನೂ ಈ ಲೆಕ್ಕದಲ್ಲೇ ಬೆಳೆದವಳು. ಆದರೆ ಹಸುವಿನ ವಿಷಯದಲ್ಲಿ ನಾವು ಇಷ್ಟು ದಡ್ಡರಲ್ಲ. ಕಾಸರಗೋಡು ಗಿಡ್ಡ ಕಪ್ಪಿರಲಿ, ಕೆಂಪಿರಲಿ, ಅಜ್ಜಿ ದೂರದಿಂದಲೇ ನೋಡಿ 'ಗಿಡ್ಡ' ಎನ್ನುತ್ತಾರೆ. ಅವರು ನೋಡುವುದು ಬಣ್ಣವನ್ನಲ್ಲ, ಎತ್ತರ ಮತ್ತು ಮೈಕಟ್ಟನ್ನು. ಬೆಕ್ಕಿಗೂ ಅದೇ ಕಣ್ಣು ಬೇಕು. ಬೆಕ್ಕಿನ ತಳಿಗಳನ್ನು ಗುರುತಿಸುವ ಅಮೆರಿಕದ ಸಂಸ್ಥೆ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಮೇಯ್ನ್ ಕೂನ್‌ಗೆ ಕೊಡುವ 100 ಅಂಕಗಳಲ್ಲಿ ಮೈಕಟ್ಟಿಗೆ 35, ತಲೆಗೆ 30, ರೋಮಕ್ಕೆ 20, ಬಣ್ಣಕ್ಕೆ ಬರೀ 15. ನಾನು ಪಾಸಾಗಲು ನೋಡಿದ್ದು ಕೊನೆಯ ಎರಡನ್ನು, ಎರಡೂ ಸೇರಿ ಬರೀ 35 ಅಂಕ.

ನಾನು ಸಿಕ್ಕಿಬಿದ್ದ ಜಾಗ

ತಳಿಯ ಮಾನದಂಡದಲ್ಲಿ, ಅಂದರೆ ಆ ತಳಿ ಹೇಗಿರಬೇಕೆಂದು ಬರೆದಿಟ್ಟದ್ದರಲ್ಲಿ, ಮೇಯ್ನ್ ಕೂನ್‌ನ ಪಾರ್ಶ್ವನೋಟಕ್ಕೆ 'ಜೆಂಟಲ್ ಕಾನ್ಕೇವ್' ಎಂದಿದೆ, ಅಂದರೆ ಮೃದುವಾದ ನಿಮ್ನ. ನಾರ್ವೇಜಿಯನ್‌ಗೆ ಹುಬ್ಬಿನ ಏಣಿನಿಂದ ಮೂಗಿನ ತುದಿಯವರೆಗೆ ನೇರ ಗೆರೆ ಎಂದಿದೆ. ಇಷ್ಟು ಗೊತ್ತಿದ್ದರೆ ಉತ್ತರ ಬರಬೇಕಿತ್ತು. ಇದನ್ನು ನಾನು ಓದಿಯೂ ಇದ್ದೆ! ಆದರೂ ಚಿತ್ರ ಎದುರಿಗೆ ಬಂದಾಗ ನಿಮ್ನ ಯಾವುದು, ಪೀನ ಯಾವುದು ಎಂದೇ ತಲೆ ತಿರುಗಿತು.

ಇದರ ಬೇರು ಒಂಬತ್ತು, ಹತ್ತನೆಯ ತರಗತಿಯಲ್ಲಿದೆ. ನಿಮ್ನ ದರ್ಪಣ, ಪೀನ ದರ್ಪಣ ಎಂದು ಬಾಯಿಪಾಠ ಮಾಡಿದೆವು. ಒಂದೇ ಸೌಟಿನ ಒಳಬದಿ ನಿಮ್ನ, ಹೊರಬದಿ ಪೀನ ಎಂದು ಮೇಷ್ಟ್ರು ತೋರಿಸಿದ್ದರು. ನನ್ನ ಗೊಂದಲ ಅಲ್ಲೇ ಹುಟ್ಟಿದ್ದು. ಒಂದೇ ಬಾಗು ಒಂದು ಕಡೆಯಿಂದ ನಿಮ್ನ, ಇನ್ನೊಂದು ಕಡೆಯಿಂದ ಪೀನ ಎಂದಾದರೆ ಬೆಕ್ಕಿನ ಮೂಗನ್ನು ಯಾವ ಕಡೆಯಿಂದ ನೋಡುವುದು? ತಲೆಬುರುಡೆಯ ಒಳಗೆ ಕುಳಿತು ನೋಡುವುದೋ, ಹೊರಗೆ ನಿಂತು ನೋಡುವುದೋ? ಕೇಳಿದರೆ ನಗುತ್ತಾರೆ ಎಂದು ಯಾರನ್ನೂ ಕೇಳಲಿಲ್ಲ.

ಉತ್ತರ ಸರಳ: ಹೊರಗೆ, ಗಾಳಿ ಇರುವ ಕಡೆಯಿಂದ. ಅದಕ್ಕೆ ನಾನು ಮಾಡಿಕೊಂಡ ಉಪಾಯ ಮಳೆಯದ್ದು. ಬೆಕ್ಕಿನ ಮೂಗಿನ ಗೆರೆ ನೆಲಕ್ಕೆ ಸಮನಾಗಿ ಮಲಗಿದೆ, ಅದರ ಮೇಲೆ ನಮ್ಮ ಆಷಾಢದ ಮಳೆ ಸುರಿಯುತ್ತಿದೆ ಎಂದುಕೊಳ್ಳಿ. ನೀರು ನಿಂತರೆ ನಿಮ್ನ. ಎರಡೂ ಕಡೆಗೆ ಜಾರಿ ಹೋದರೆ ಪೀನ. 'ನೀರು ನಿಂತರೆ ನಿಮ್ನ' ಎಂದು ಪುಸ್ತಕದ ಅಂಚಿನಲ್ಲಿ ನಾಲ್ಕು ಬಾರಿ ಬರೆದಿದ್ದೇನೆ.

ಈಗ ಮೂರು ಬೆಕ್ಕುಗಳನ್ನು ಸಾಲಾಗಿ ಮಲಗಿಸಿ. ಪರ್ಶಿಯನ್‌ನ ಮೂಗು ಕಣ್ಣುಗಳ ನಡುವೆಯೇ ಥಟ್ಟನೆ ಒಳಕ್ಕೆ ಮುರಿದಿರುತ್ತದೆ. ಅಲ್ಲಿ ನಿಲ್ಲುವುದು ಗುಂಡಿಯ ನೀರು. ನಾರ್ವೇಜಿಯನ್‌ನ ಮೇಲೆ ನೀರು ನಿಲ್ಲುವುದೇ ಇಲ್ಲ, ಅದು ಹಲಗೆ. ಮೇಯ್ನ್ ಕೂನ್‌ನ ಮೇಲೆ ತೆಳ್ಳಗೆ ಒಂದು ಪದರ ನಿಲ್ಲುತ್ತದೆ, ಹಳೆಯ ಸಿಮೆಂಟು ಜಗಲಿಯ ತಗ್ಗಿನಲ್ಲಿ ನಿಲ್ಲುವಷ್ಟು. 'ಮೃದು' ಎಂಬ ವಿಶೇಷಣದ ಅರ್ಥ ಇಷ್ಟೇ: ಬಾಗು ಇದೆ, ಮುರಿತ ಇಲ್ಲ. ಹಂಚಿನ ಮನೆಯವರಿಗೆ ಇನ್ನೂ ಸುಲಭ. ಕಡಿದಾದ ದೊಡ್ಡ ಮಾಡು ಕೆಳಗೆ ಬಂದು ಜಗಲಿಯ ಮಾಡಿಗೆ ಸೇರುವಲ್ಲಿ ಇಳಿಜಾರು ಸ್ವಲ್ಪ ಸಡಿಲವಾಗುತ್ತದಲ್ಲ, ಮೇಯ್ನ್ ಕೂನ್‌ನ ಹಣೆ ಮೂಗಿಗೆ ಸೇರುವುದು ಹಾಗೆ.

ಚಿತ್ರವಾದರೆ ಅಡಿಕೋಲು ಇಟ್ಟು ನೋಡಿ. ಒಂದು ತುದಿ ಹುಬ್ಬಿಗೆ, ಇನ್ನೊಂದು ಮೂಗಿನ ತುದಿಗೆ. ನಡುವೆ ಸಂದು ಕಂಡರೆ ಮೇಯ್ನ್ ಕೂನ್ ಕಡೆಗೆ ವಾಲಿ, ಅಂಟಿಕೊಂಡು ಕೂತರೆ ನಾರ್ವೆಯ ಕಡೆಗೆ. ಆದರೆ ಚಿತ್ರ ಪೂರ್ತಿ ಪಕ್ಕದಿಂದ ತೆಗೆದದ್ದಾಗಿರಬೇಕು. ಮುಕ್ಕಾಲು ಮುಖದ ಚಿತ್ರದಲ್ಲಿ ಅಡಿಕೋಲು ಸುಳ್ಳು ಹೇಳುತ್ತದೆ. ಮರಿಗಳಲ್ಲೂ ನಂಬುವಂತಿಲ್ಲ, ಮೇಯ್ನ್ ಕೂನ್ ಪೂರ್ತಿ ಬೆಳೆಯಲು ಮೂರರಿಂದ ಐದು ವರ್ಷ ಬೇಕು, ಅಷ್ಟರಲ್ಲಿ ಮುಖ ಹಲವು ಬಾರಿ ಬದಲಾಗಿರುತ್ತದೆ.

ಉಳಿದದ್ದು ಬೇಗ ಬೇಗ

ಎದುರಿನಿಂದ ನೋಡಿದರೆ ನಾರ್ವೇಜಿಯನ್‌ನ ಮುಖ ಮೂರೂ ಬದಿ ಸಮನಾದ ತ್ರಿಕೋನ, ಕಿವಿಯ ಹೊರ ಅಂಚು ಅದೇ ಗೆರೆಯನ್ನು ಮುಂದುವರಿಸುತ್ತದೆ. ಮೇಯ್ನ್ ಕೂನ್‌ಗೆ ಮೂತಿ ಚೌಕ, ಮುಖಕ್ಕೆ ಒಂದು ಪುಟ್ಟ ಡಬ್ಬಿ ಅಂಟಿಸಿದ ಹಾಗೆ. ಕಿವಿ ದೊಡ್ಡದು, ಬುಡದಲ್ಲಿ ಅಗಲ, ನೆತ್ತಿಯ ಮೇಲೆ ಎತ್ತರದಲ್ಲಿ ನೆಟ್ಟಗೆ. ಎರಡರ ನಡುವೆ ಸುಮಾರು ಒಂದು ಕಿವಿಯಷ್ಟು ಜಾಗ. ಮುಖವೆಲ್ಲ ದುಂಡಗೆ ಕಂಡರೆ ಅದು ಸೈಬೀರಿಯನ್ ಎಂಬ ಇನ್ನೊಂದು ತಳಿ ಇರಬಹುದು. ಮೇಯ್ನ್ ಕೂನ್‌ನ ಮೈ ಉದ್ದ, ಆಯತಾಕಾರ, ಎದೆ ಅಗಲ. ಈಗ ಅಂತರ್ಜಾಲದಲ್ಲಿ ಓಡಾಡುವ, ಮನುಷ್ಯನ ಮುಖದಂತೆ ಕಾಣುವ ದಪ್ಪ ಮೂತಿಯ ಚಿತ್ರಗಳನ್ನು ನೋಡಿ ಕಲಿಯಬೇಡಿ. ಒಂದು ಅಂಗವೇ ಕಣ್ಣಿಗೆ ಹೊಡೆಯಬಾರದು, ಎಲ್ಲವೂ ಹದವಾಗಿರಬೇಕು ಎಂಬುದು ಮಾನದಂಡದ ಮಾತು. ನನಗೂ ಅದೇ ಚಂದ.

ಹಣೆಯ ಮೇಲಿನ 'ಎಂ' ಅಕ್ಷರದ ಕಥೆಯನ್ನು ನಂಬಬೇಡಿ. 'ಎಂ ಎಂದರೆ ಮೇಯ್ನ್, ಆದ್ದರಿಂದ ಇದು ಅಸಲಿ' ಎಂದು ಮಾರುವವರು ಹೇಳುವುದುಂಟು. ಪಟ್ಟೆಯಿರುವ ಟ್ಯಾಬಿ ಬೆಕ್ಕುಗಳಿಗೆಲ್ಲ ಆ ಗುರುತು ಇರುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಮಲಗುವ ಪಟ್ಟೆ ಪುಚ್ಚೆಗೂ ಇದೆ, ಅದರ ಅಮ್ಮನಿಗೂ ಇತ್ತು.

ತೂಕ: ಗಂಡು ಸಾಮಾನ್ಯವಾಗಿ 6ರಿಂದ 8 ಕಿಲೋ, ಹೆಣ್ಣು 4ರಿಂದ 5.5 ಕಿಲೋ. ಉದ್ದದ ಗಿನ್ನೆಸ್ ದಾಖಲೆ 2010ರಲ್ಲಿ ಸ್ಟೂಯಿ ಎಂಬ ಮೇಯ್ನ್ ಕೂನ್‌ನದ್ದು, ಮೂಗಿನಿಂದ ಬಾಲದ ತುದಿಗೆ 123 ಸೆಂಟಿಮೀಟರ್. ಹುಟ್ಟೂರು ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯ; 1985ರಲ್ಲಿ ಅದು ಅಲ್ಲಿನ ಅಧಿಕೃತ ರಾಜ್ಯ ಬೆಕ್ಕಾಯಿತು. ರಕೂನ್ ಪ್ರಾಣಿಯೊಡನೆ ಬೆರೆತು ಹುಟ್ಟಿತು ಎಂಬುದು ಬರೀ ಕಟ್ಟುಕಥೆ, ಅಂಥ ಬೆರಕೆ ಸಾಧ್ಯವೇ ಇಲ್ಲ. 1895ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಪ್ರದರ್ಶನದಲ್ಲಿ ಗೆದ್ದ ಕೋಸಿ ಇದೇ ತಳಿಯ ಕಂದು ಪಟ್ಟೆಯ ಹೆಣ್ಣು ಬೆಕ್ಕು. ಆಮೇಲೆ ಪರ್ಶಿಯನ್‌ಗಳ ಭರಾಟೆಯಲ್ಲಿ ಇದು ಮೂಲೆಗೆ ಸರಿದು, ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್‌ನಲ್ಲಿ ಚಾಂಪಿಯನ್ ಪಟ್ಟಕ್ಕೆ ಸ್ಪರ್ಧಿಸುವ ಹಕ್ಕು ಸಿಕ್ಕಿದ್ದು 1976ರಲ್ಲಿ.

ಉಪ್ಪಳದಲ್ಲಿ ಕಂಡ ಸ್ವಭಾವ

ಪುಸ್ತಕದಲ್ಲಿ 'ಸೌಮ್ಯ ದೈತ್ಯ' ಎಂದು ಬರೆದು ಮುಗಿಸುತ್ತಾರೆ. ಅದರಿಂದ ನನಗೇನೂ ತಿಳಿಯಲಿಲ್ಲ. ನನಗೆ ಕನ್ನಡ ಕಲಿಸಿದ ಟೀಚರ್ ಉಪ್ಪಳದಲ್ಲಿದ್ದಾರೆ. ಅವರ ಮಗ ಗಲ್ಫ್‌ನಿಂದ ಬಂದವನು ಒಂದು ಮೇಯ್ನ್ ಕೂನ್ ಗಂಡು ತಂದು ಸಾಕಿ, ಮತ್ತೆ ಗಲ್ಫ್‌ಗೆ ಹೋದ. ಬೆಕ್ಕು ಟೀಚರ್‌ಗೆ ಉಳಿಯಿತು. ಹೆಸರು ಕುಟ್ಟ, ವಯಸ್ಸು ನಾಲ್ಕು. ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ, 58. ಇಳಿಸಿ ನಿಂತೆ, 51.

ಮೊದಲು ಬೆಚ್ಚಿಬಿದ್ದದ್ದು ಅದರ ದನಿಗೆ. ಅಷ್ಟು ದೊಡ್ಡ ಮೈಯಿಂದ ಗುಡುಗು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹಕ್ಕಿಮರಿಯ ಹಾಗೆ 'ಪ್ರುರ್‍ರ್' ಎಂಬ ಕಿರುದನಿ. ಈ ಚಿಲಿಪಿಲಿ ತಳಿಯ ಗುಣವೇ. ಎರಡನೆಯದು ಹಿಂಬಾಲಿಸುವುದು. ಟೀಚರ್ ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ತುಳಸಿಕಟ್ಟೆಗೆ ಹೋದರೆ ಜಗಲಿಯ ತನಕ. ಆದರೆ ಮಡಿಲಿಗೆ ಕರೆದರೆ ಬರುವುದಿಲ್ಲ, ಒಂದು ಮಾರು ದೂರದಲ್ಲಿ ಕೂರುತ್ತದೆ. "ಕಾವಲುಗಾರನ ಹಾಗೆ ಮಗಳೇ, ಮುದ್ದು ಬೇಡ, ಕಣ್ಣೆದುರು ಇರಬೇಕು" ಎಂದರು ಟೀಚರ್. ಮೂರನೆಯದು ನೀರು. ಕುಡಿಯುವ ಮೊದಲು ಬಟ್ಟಲಿನ ನೀರನ್ನು ಮುಂಗಾಲಿನಿಂದ ಕಲಕುತ್ತದೆ, ನೆಲವೆಲ್ಲ ಒದ್ದೆ. ಈಗ ಅದರ ನೀರಿಗೆ ಭಾರದ ಕಂಚಿನ ಪಾತ್ರೆ.

ಅಡಿಕೋಲು ಒಯ್ದಿದ್ದೆ. ಹುಬ್ಬಿಗೂ ಮೂಗಿಗೂ ತಾಗಿಸಿ ಕಿಟಕಿಯ ಬೆಳಕಿಗೆ ತಿರುಗಿಸಿದರೆ ನಡುವೆ ಅಕ್ಕಿಕಾಳಿನ ದಪ್ಪದ ಸಂದು! ಕುಟ್ಟ ಎರಡು ಕ್ಷಣ ಸುಮ್ಮನಿದ್ದು, ಪಂಜದಿಂದ ಅಡಿಕೋಲನ್ನು ಕೆಳಗೊತ್ತಿ ಅದರ ಮೇಲೆಯೇ ಕೂತಿತು. "ಪರೀಕ್ಷೆ ನಿನಗೋ, ಅವನಿಗೋ?" ಎಂದು ಟೀಚರ್ ನಕ್ಕರು.

ರೋಮ ಭುಜದ ಮೇಲೆ ಗಿಡ್ಡ, ಹೊಟ್ಟೆ ಮತ್ತು ಹಿಂದೊಡೆಯಲ್ಲಿ ಉದ್ದ, ಕುತ್ತಿಗೆಯ ಮುಂದೆ ಕೊರಳಪಟ್ಟಿಯಂತೆ. ಹಿಮದಲ್ಲಿ ಕೆಲಸಕ್ಕೆ ಬಂದ ಹೊದಿಕೆ ಇದು. ಜುಲೈಯ ಉಪ್ಪಳದಲ್ಲಿ ಹಪ್ಪಳವೇ ಒಣಗುವುದಿಲ್ಲ, ಇದು ಒಣಗುತ್ತದೆಯೇ? ಕುಟ್ಟನ ಕಂಕುಳಲ್ಲಿ ಜಡೆಗಟ್ಟಿದ ಎರಡು ಗಂಟು ಸಿಕ್ಕಿದವು. ಕತ್ತರಿ ಹಾಕದೆ ಬಾಚಣಿಗೆಯ ತುದಿಯಲ್ಲಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು.

ಹೃದಯ

ಇದು ಪರೀಕ್ಷೆಗೂ ಬರುತ್ತದೆ, ಸಾಕುವವರಿಗೂ ಬೇಕು. ಈ ತಳಿಯಲ್ಲಿ ಹೃದಯದ ಸ್ನಾಯು ದಪ್ಪವಾಗುವ ರೋಗ ವಂಶದಲ್ಲಿ ಹರಿಯುತ್ತದೆ, ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. 2005ರಲ್ಲಿ ಇದಕ್ಕೆ ಕಾರಣವಾಗುವ ಒಂದು ವಂಶವಾಹಿ ದೋಷ ಪತ್ತೆಯಾಯಿತು, ಹೆಸರು ಎ31ಪಿ. ಇದು ಪ್ರಬಲ ಗುಣ: ತಂದೆ ಅಥವಾ ತಾಯಿ ಒಬ್ಬರಿಂದ ಒಂದು ಪ್ರತಿ ಬಂದರೂ ಅಪಾಯ ಬರುತ್ತದೆ, ಎರಡೂ ಕಡೆಯಿಂದ ಬಂದರೆ ಅಪಾಯ ಹೆಚ್ಚು. ಆದರೆ ದೋಷವಿರುವ ಬೆಕ್ಕುಗಳಿಗೆಲ್ಲ ರೋಗ ಬರಲೇಬೇಕೆಂದಿಲ್ಲ, ದೋಷ ಇಲ್ಲದ್ದಕ್ಕೆ ಬಾರದೆಂದೂ ಇಲ್ಲ. ಆದ್ದರಿಂದ ರಕ್ತದ ಅಥವಾ ಬಾಯಿಯ ಒರೆಸಿನ ವಂಶವಾಹಿ ಪರೀಕ್ಷೆಯ ಜೊತೆಗೆ ಹೃದಯದ ಎಕೋ ಕೂಡ ಬೇಕು.

ಕುಟ್ಟನಿಗೆ ಈ ಪರೀಕ್ಷೆಗಳು ಆಗಿವೆಯೇ ಎಂದು ಕೇಳಿದೆ. ಟೀಚರ್ ಒಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರಲ್ಲಿ ಮಾರಿದವರು ಕೊಟ್ಟ ಲಸಿಕೆಯ ಪುಸ್ತಕವಿತ್ತು, ಮತ್ತೇನಿರಲಿಲ್ಲ. ಅವರು ಪೆನ್ನು ಕೈಗೆ ಕೊಟ್ಟು ಗೋಡೆ ತೋರಿಸಿದರು. ಗ್ಯಾಸ್ ಸಿಲಿಂಡರ್ ಬಂದ ತಾರೀಕು ಬರೆದಿಡುವ ಕ್ಯಾಲೆಂಡರಿನಲ್ಲಿ, ಮುಂದಿನ ಸೋಮವಾರದ ಚೌಕದೊಳಗೆ, 'ಕುಟ್ಟ, ಎಕೋ' ಎಂದು ಬರೆದು ಬಂದೆ.