ಸ್ಟಾರ್ ಟ್ರೆಕ್ ಮತ್ತೆ ನೋಡೋದಾದ್ರೆ ಮೊದಲನೇ ಎಪಿಸೋಡಿಂದ್ಲೇ ಶುರು ಮಾಡ್ಬೇಕಾ?

ಪ್ರಶ್ನೆ: ಎಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶ ಹಡಗಿನ ಸೀರಿಯಲ್ ನೋಡ್ತಿದ್ವಿ, ಇಂಗ್ಲಿಷು ಅರ್ಧಂಬರ್ಧ, ಆ ಹಡಗಿನ ಆಫೀಸರ್ ಸ್ಪಾಕ್‌ನ ಚೂಪು ಕಿವಿ ಬಿಟ್ರೆ ಏನೂ ನೆನಪಿಲ್ಲ. ಈಗ ಮಗಳ ಜೊತೆ ಕೂತು ಮೊದಲಿಂದ ನೋಡ್ಲಾ ಸಾರ್?

ಬೇಡ. ಈ ಸೀರೀಸಲ್ಲಿ ಮೊದಲು ಯಾವ್ದು ಅನ್ನೋದೇ ಗೋಜಲು. 1966ರ ಸೆಪ್ಟೆಂಬರ್ 8ಕ್ಕೆ ಅಮೆರಿಕದ ಎನ್‌ಬಿಸಿ ಚಾನೆಲಲ್ಲಿ ಮೊದಲು ಬಂದಿದ್ದು 'ದ ಮ್ಯಾನ್ ಟ್ರ್ಯಾಪ್', ಮನುಷ್ಯರ ಮೈಯಲ್ಲಿರೋ ಉಪ್ಪು ಹೀರಿ ಸಾಯಿಸೋ ಪ್ರಾಣಿ ಕಥೆ, ಆದ್ರೆ ಅದಕ್ಕಿಂತ ಮುಂಚೆ ಶೂಟಿಂಗ್ ಆಗಿದ್ದವು ಇನ್ನೂ ಡಬ್ಬದಲ್ಲೇ ಇದ್ವು, ವಿಲಿಯಂ ಶಾಟ್ನರ್ ಮೊದಲ ಸಲ ಹಡಗಿನ ಕ್ಯಾಪ್ಟನ್ ಕರ್ಕ್ ಆದ ಪೈಲಟ್ಟು (ಚಾನೆಲ್‌ಗೆ ತೋರಿಸೋಕೆ ಮಾಡೋ ಪರೀಕ್ಷಾ ಎಪಿಸೋಡು) ಬಂದಿದ್ದು ಮೂರನೇದಾಗಿ. ಅದಕ್ಕೂ ಹಿಂದಿನ 'ದ ಕೇಜ್' ಪೈಲಟ್‌ನಲ್ಲಿ ಕ್ಯಾಪ್ಟನ್ನೇ ಬೇರೆ, ಜೆಫ್ರಿ ಹಂಟರ್. ಚಾನೆಲ್‌ನೋರು ಒಪ್ಲಿಲ್ಲ, ಆದ್ರೂ ಆ ಫುಟೇಜ್ ಎಸೆಯೋಕೆ ಮನಸ್ಸಾಗ್ದೆ 'ದ ಮೆನಾಜರಿ' ಅಂತ ಎರಡು ಭಾಗದ ಎಪಿಸೋಡ್ ಒಳಗೆ ತುರುಕಿದ್ರು. ಹೆಚ್ಚುಕಮ್ಮಿ ಎಲ್ಲಾ ಬಿಡಿಬಿಡಿ ಕಥೆಗಳೇ, ಮಧ್ಯದಲ್ಲಿ ಕೂತ್ರೂ ಅರ್ಥ ಆಗುತ್ತೆ.

ನಾನಾದ್ರೆ ಮೊದಲು 'ಬ್ಯಾಲೆನ್ಸ್ ಆಫ್ ಟೆರರ್' ಹಾಕ್ತೀನಿ. ಕಣ್ಣಿಗೆ ಕಾಣದೇ ಇರೋ ಶತ್ರು ಹಡಗು, ಇಬ್ರು ಕ್ಯಾಪ್ಟನ್‌ಗಳು ಒಬ್ರ ತಲೆಯಲ್ಲಿ ಏನಿದೆ ಅಂತ ಇನ್ನೊಬ್ರು ಊಹಿಸ್ತಾ ಕೂರೋದು, ಸಬ್‌ಮರೀನ್ ಸಿನಿಮಾದಷ್ಟು ಬಿಗಿಯಾಗಿದೆ. ಶತ್ರು ಮುಖ ಸ್ಕ್ರೀನಲ್ಲಿ ಬಂದಾಗ ನೋಡಿದ್ರೆ ಅವನಿಗೂ ಸ್ಪಾಕ್ ಥರಾನೇ ಚೂಪು ಕಿವಿ, ಅಷ್ಟು ಸಾಕು, ಹಡಗಲ್ಲಿರೋ ಒಬ್ಬ ಆಫೀಸರ್ ಸ್ಪಾಕ್‌ನೇ ಗೂಢಚಾರ ಅನ್ನೋ ಥರ ದುರುಗುಟ್ಟೋಕೆ ಶುರು ಮಾಡ್ತಾನೆ. ಚಿಕ್ಕೋರಿದ್ದಾಗ ಇದೆಲ್ಲ ನಮ್ ತಲೆ ಮೇಲೆ ಹಾರಿ ಹೋಗಿತ್ತು, ಈಗ ಮಾತ್ರ ಚುಚ್ಚುತ್ತೆ. (ಆ ಶತ್ರು ಕಮಾಂಡರ್ ಆದ ಮಾರ್ಕ್ ಲೆನಾರ್ಡ್ ಅವರೇ ಮುಂದೆ ಸ್ಪಾಕ್‌ಗೆ ಅಪ್ಪ ಆಗಿ ಬರೋದು, ಮಗಳಿಗೆ ಈಗ್ಲೇ ಹೇಳ್ಬೇಡಿ.)

ಸೆಟ್ ನೋಡಿ ಅವಳು ನಗ್ತಾಳೆ, ನಗ್ಲಿ ಬಿಡಿ. ದುಡ್ಡಿರ್ಲಿಲ್ಲ ಅವರ ಹತ್ರ. ಹಡಗು ವಾರವಾರ ಒಂದೊಂದು ಗ್ರಹದ ಮೇಲೆ ಇಳಿಯೋದನ್ನ ತೋರಿಸೋಕೆ ಖರ್ಚು ಜಾಸ್ತಿ ಅಂತಾನೇ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದು, ಜನ ಮಿಣಮಿಣ ಅಂತ ಮಾಯ ಆಗಿ ಕೆಳಗೆ ಪ್ರತ್ಯಕ್ಷ ಆಗೋದು. ಹಡಗಿನ ಡಾಕ್ಟರ್ ಮೆಕಾಯ್ ಕೈಲಿರೋ ಕೆಲವು ಉಪಕರಣ ನಿಜವಾಗ್ಲೂ ಉಪ್ಪುದಾನಿಗಳು! ಈಗ ಸಿಗೋ ಕಾಪಿ ಎಷ್ಟೋ ಕಡೆ 2006ರಿಂದ ಕಂಪ್ಯೂಟರ್ ಗ್ರಾಫಿಕ್ಸ್ ಹಾಕಿ ತಿದ್ದಿದ್ದು, ಗ್ರಹಗಳು ಚೆನ್ನಾಗಿ ಕಾಣ್ತವೆ, ಆದ್ರೆ 'ಅರೀನಾ' ಎಪಿಸೋಡಿನ ಹಲ್ಲಿ ಮನುಷ್ಯ ಅದೇ ರಬ್ಬರ್ ಸೂಟು, ಕಣ್ಣು ಮಿಟುಕಿಸೋದೊಂದು ಕಲಿಸಿದಾರೆ.

ಆಮೇಲೆ 'ಸ್ಪೇಸ್ ಸೀಡ್' ನೋಡಿ, ಅದ್ರಲ್ಲಿ ಬರೋ ಖಾನ್ ನೂನಿಯನ್ ಸಿಂಗ್ ಉತ್ತರ ಭಾರತದ ಸಿಖ್ ಇರ್ಬೇಕು ಅಂತ ಊಹೆ ಮಾಡ್ತಾರೆ, ಪಾತ್ರ ಮಾಡಿದ್ದು ಮಾತ್ರ ಮೆಕ್ಸಿಕೋದ ರಿಕಾರ್ಡೋ ಮೊಂಟಲ್ಬಾನ್. ಹೆಸರು ಕೇಳಿ ನಗು ಬಂದ್ರೂ ನಟನೆ ಭರ್ಜರಿ. 'ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್' ರಾತ್ರಿ ಮಲಗೋ ಮುಂಚೆ ಬೇಡ, ಅಳಿಸುತ್ತೆ.

ಒಟ್ಟು 79 ಎಪಿಸೋಡು. ಮೂರನೇ ಸೀಸನ್‌ಗೆ ಬಜೆಟ್ಟೂ ಕಟ್, ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದ್ರು, ಅದರ ಮೊದಲನೇದೇ 'ಸ್ಪಾಕ್ಸ್ ಬ್ರೈನ್', ಸ್ಪಾಕ್ ಮೆದುಳನ್ನೇ ಕದ್ದೊಯ್ಯೋ ಕಥೆ. ಮಗಳಿಗೆ ಸೀರೀಸ್ ಇಷ್ಟ ಆದ್ಮೇಲೆ ಬೇಕಾದ್ರೆ ತೋರಿಸಿ.